ಒಂಬತ್ತು ಸಾವಿರ ರೂಪಾಯಿಯ ಗಣಕ

ಬೆಂಗಳೂರಿನ ಮಲ್ಲೇಶ್ವರಕ್ಕೂ ಯಶವಂತಪುರಕ್ಕೂ ಸಮೀಪದಲ್ಲಿ, ಮರಗಳ ದಟ್ಟ ನೆರಳಿನ ನಡುವೆ, ಭಾರತೀಯ ವಿಜ್ಞಾನ ಸಂಸ್ಥೆಯ ವಿಶಾಲವಾದ ಆವರಣವಿದೆ. 1909ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯನ್ನು ಊರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವುದುಂಟು. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಜಾಲಹಳ್ಳಿ. ಅಲ್ಲಿರುವುದು 1954ರಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ. ದೇಶದ ರಕ್ಷಣಾ ಪಡೆಗಳಿಗೆ ರೇಡಾರುಗಳನ್ನೂ, ಚುನಾವಣೆಗಳಿಗೆ ಮತಯಂತ್ರಗಳನ್ನೂ ತಯಾರಿಸಿದ ಕಾರ್ಖಾನೆ ಇದು. ಮೊದಲನೆಯ ಆವರಣದ ಪ್ರಾಧ್ಯಾಪಕರು ಕಲ್ಪಿಸಿ, ಎರಡನೆಯ ಆವರಣದ ಕಾರ್ಖಾನೆ ತಯಾರಿಸಿದ ಒಂದು ಅಂಗೈಯಗಲದ ಗಣಕವುಂಟು. ಅದರ ಹೆಸರು ಸಿಂಪ್ಯೂಟರ್. ಸಿಂಪಲ್, ಇನೆಕ್ಸ್‌ಪೆನ್ಸಿವ್, ಮಲ್ಟಿಲಿಂಗ್ವಲ್, ಅಂದರೆ ಸರಳ, ಅಗ್ಗ, ಬಹುಭಾಷಿಕ ಎಂಬ ಮೂರು ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಕಂಪ್ಯೂಟರ್ ಎಂಬ ಪದದ ಬಾಲಕ್ಕೆ ಜೋಡಿಸಿ ಈ ಹೆಸರನ್ನು ಕಟ್ಟಲಾಯಿತು.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಮಾಹಿತಿ ತಂತ್ರಜ್ಞಾನವನ್ನು ಕುರಿತ ಒಂದು ಅಂತರರಾಷ್ಟ್ರೀಯ ವಿಚಾರಗೋಷ್ಠಿ ನಡೆಯಿತು. ಬಡ ದೇಶಗಳಿಗೆ ಗಣಕದಿಂದ ಏನು ಪ್ರಯೋಜನ ಎಂಬುದು ಅಲ್ಲಿನ ಚರ್ಚೆಯ ವಿಷಯ. ಆ ಗೋಷ್ಠಿಯ ಸಿದ್ಧತೆಯ ಸಂದರ್ಭದಲ್ಲಿಯೇ ಹೊಸ ಯಂತ್ರದ ಕಲ್ಪನೆ ಮೊಳೆಯಿತು. ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು, ಎನ್‌ಕೋರ್ ಸಾಫ್ಟ್‌ವೇರ್ ಎಂಬ ನಗರದ ಕಂಪನಿಯ ವಿನಯ್ ದೇಶಪಾಂಡೆಯವರು ಹಾಗೂ ಅವರ ಸಂಗಡಿಗರೊಡನೆ ಸೇರಿ 1999ರಲ್ಲಿ ‘ಸಿಂಪ್ಯೂಟರ್ ಟ್ರಸ್ಟ್’ ಎಂಬ ಲಾಭಾಪೇಕ್ಷೆಯಿಲ್ಲದ ಸಂಸ್ಥೆಯೊಂದನ್ನು ಸ್ಥಾಪಿಸಿದರು.

ಆ ಕಾಲದಲ್ಲಿ ಮೇಜಿನ ಮೇಲಿಡುವ ಸಾಮಾನ್ಯ ಗಣಕವೊಂದಕ್ಕೆ ಮೂವತ್ತು ಸಾವಿರ ರೂಪಾಯಿಗೂ ಮೇಲ್ಪಟ್ಟು ವೆಚ್ಚವಾಗುತ್ತಿತ್ತು. ದೂರದರ್ಶನದ ಪೆಟ್ಟಿಗೆಯಂತಹ ಭಾರವಾದ ಮಾನಿಟರು, ಕೀಲಿಮಣೆ, ಹಾರ್ಡ್ ಡಿಸ್ಕು, ಇವೆಲ್ಲಕ್ಕೂ ವಿದ್ಯುತ್ತು ಒದಗಿಸುವ ಪೆಟ್ಟಿಗೆ, ವಿದ್ಯುತ್ತು ಹೋದಾಗ ಕೈಕೊಡದಂತೆ ಕಾಯುವ ಯುಪಿಎಸ್, ಇದರ ಮೇಲೆ ಕಾರ್ಯನಿರ್ವಹಣಾ ತಂತ್ರಾಂಶದ ಪರವಾನಗಿ ಶುಲ್ಕ! ಇಷ್ಟನ್ನೂ ಕೊಂಡು ತಂದರೂ ಅದು ಮಾತನಾಡುತ್ತಿದ್ದುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಟ್ರಸ್ಟಿನವರು ತಮ್ಮ ಮುಂದಿಟ್ಟುಕೊಂಡ ಬೆಲೆ ಸುಮಾರು ಒಂಬತ್ತು ಸಾವಿರ ರೂಪಾಯಿ. ಹಳ್ಳಿಯಲ್ಲಿ, ಓದುಬರಹ ಬಾರದವನ ಕೈಯಲ್ಲಿಯೂ ಅದು ಉಪಯೋಗಕ್ಕೆ ಬರಬೇಕು. ಸಾಮಾನ್ಯವಾಗಿ ಯಂತ್ರವನ್ನು ಮೊದಲು ಕಟ್ಟಿ, ಅನಂತರ ಅದಕ್ಕೆ ಬೆಲೆ ನಿಗದಿಮಾಡುವುದು ವಾಡಿಕೆ. ಇಲ್ಲಿ ಬೆಲೆಯೇ ಮುಂದಾಗಿ ನಿಂತಿತು. ಯಂತ್ರ ಅದರ ಹಿಂದೆ ನಡೆಯಬೇಕಾಯಿತು.

ಗಣಕದ ಬಿಡಿಭಾಗಗಳು ಒಂದು ಕುಟುಂಬದ ಬಂಧುಗಳಿದ್ದಂತೆ. ಒಬ್ಬನನ್ನು ಕರೆತಂದರೆ ಅವನ ಹಿಂದೆ ನಾಲ್ವರು ಬರುತ್ತಾರೆ. ಲೆಕ್ಕ ಮಾಡುವ ಚಿಪ್ಪಾದ ಪ್ರೊಸೆಸರನ್ನೇ ನೋಡಬಹುದು. 2001ರ ಸುಮಾರಿಗೆ ಮೇಜಿನ ಗಣಕಗಳಲ್ಲಿದ್ದ ಪೆಂಟಿಯಮ್ ಚಿಪ್ಪುಗಳು ಬಹಳ ವೇಗವಾದವು. ಆದರೆ ಅವು ಇಪ್ಪತ್ತು ಮೂವತ್ತು ವ್ಯಾಟುಗಳಷ್ಟು ವಿದ್ಯುತ್ತನ್ನು ನುಂಗಿ, ಅದನ್ನೆಲ್ಲ ಶಾಖವಾಗಿ ಹೊರಚೆಲ್ಲುತ್ತಿದ್ದವು. ಶಾಖ ಹೆಚ್ಚಾದರೆ ಅದನ್ನು ಹೊರಹಾಕಲು ಲೋಹದ ರೆಕ್ಕೆಗಳು ಬೇಕು, ಫ್ಯಾನು ಬೇಕು. ಫ್ಯಾನಿಗೆ ಜಾಗ ಬೇಕು, ಅದಕ್ಕೆ ದೊಡ್ಡ ಪೆಟ್ಟಿಗೆ ಬೇಕು. ಎಲ್ಲಕ್ಕೂ ಗೋಡೆಯ ವಿದ್ಯುತ್ತು ಬೇಕು. ವಿದ್ಯುತ್ತು ಯಾವಾಗ ಬರುವುದೋ ಯಾವಾಗ ಹೋಗುವುದೋ ತಿಳಿಯದ ಹಳ್ಳಿಯಲ್ಲಿ ಇಂತಹ ಯಂತ್ರವನ್ನಿಟ್ಟು ಫಲವೇನು? ಸಿಂಪ್ಯೂಟರಿಗೆ ಆರಿಸಿಕೊಂಡದ್ದು ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಎಂಬ ಚಿಪ್ಪನ್ನು. ಅದರ ವೇಗ ಸುಮಾರು 200 ಮೆಗಾಹರ್ಟ್ಸ್. ಅಂದಿನ ಪೆಂಟಿಯಮ್ಮುಗಳ ನಾಲ್ಕನೆಯ ಒಂದು ಪಾಲು, ಐದನೆಯ ಒಂದು ಪಾಲು ಮಾತ್ರ. ಆದರೆ ಅದು ಬಳಸುತ್ತಿದ್ದ ವಿದ್ಯುತ್ತು ಒಂದು ವ್ಯಾಟಿಗೂ ಕಡಿಮೆ. ಅದಕ್ಕೆ ಫ್ಯಾನು ಬೇಡ. ದೊಡ್ಡ ಪೆಟ್ಟಿಗೆಯೂ ಬೇಡ. ಟಾರ್ಚಿನ ಸೆಲ್ಲಿಗಿಂತಲೂ ಸಣ್ಣದಾದ, ಕಿರುಬೆರಳಿನ ದಪ್ಪದ ಮೂರು ಸೆಲ್ಲುಗಳಿಂದ ಯಂತ್ರ ನಡೆಯುವಂತಾಯಿತು. ಒಂದು ಚಿಪ್ಪಿನ ಆಯ್ಕೆಯಿಂದ ನಾಲ್ಕು ಭಾಗಗಳ ಖರ್ಚು ತಪ್ಪಿತು.

ಪರದೆಯ ವಿಷಯದಲ್ಲಿಯೂ ಇದೇ ನ್ಯಾಯ. ಕೈಗಣಕದಲ್ಲಿ ಹೆಚ್ಚು ಬೆಲೆ ಬಾಳುವ ಭಾಗಗಳಲ್ಲಿ ಪರದೆಯೂ ಒಂದು. ಬಣ್ಣದ ಪರದೆಯ ಹಿಂದೆ ಸದಾ ದೀಪ ಉರಿಯುತ್ತಿರಬೇಕು; ದೀಪ ಸೆಲ್ಲನ್ನು ಬರಿದುಮಾಡುತ್ತದೆ. ಆದ್ದರಿಂದ ಮೊದಲ ಮಾದರಿಗೆ ಕಪ್ಪು ಬಿಳುಪಿನ, ಅಡ್ಡಲಾಗಿ 240, ಉದ್ದಕ್ಕೆ 320 ಚುಕ್ಕೆಗಳ ಪುಟ್ಟ ಪರದೆಯನ್ನು ಅಳವಡಿಸಲಾಯಿತು. ಒತ್ತಕ್ಷರವೂ ಕೊಂಬು ದೀರ್ಘಗಳೂ ಇರುವ ಕನ್ನಡ ಲಿಪಿಗೆ ಇದು ಇಕ್ಕಟ್ಟೇ ಸರಿ. ಆದರೆ ಈ ಪರದೆ ಮುಟ್ಟಿದರೆ ಸ್ಪಂದಿಸುವಂಥದು. ಕಡ್ಡಿಯಿಂದ ಒತ್ತಿದರೆ ಸಾಕು, ಪ್ರತ್ಯೇಕ ಕೀಲಿಮಣೆ ಬೇಕಿಲ್ಲ. ಕೀಲಿಮಣೆಯ ಮೇಲೆ ಅಚ್ಚಾದ ಅಕ್ಷರ ಒಂದೇ ಲಿಪಿಯದು. ಪರದೆಯ ಮೇಲಾದರೆ ಕನ್ನಡ, ಹಿಂದಿ, ತಮಿಳು ಯಾವುದನ್ನಾದರೂ ಮೂಡಿಸಬಹುದು. ಖರ್ಚನ್ನು ತಗ್ಗಿಸಿದ ಉಪಾಯವೇ ಭಾಷೆಗೆ ದಾರಿಯನ್ನೂ ತೆರೆಯಿತು.

ಮಾಹಿತಿಯನ್ನು ಕೂಡಿಡುವ ಭಾಗದ ಆಯ್ಕೆ ಇನ್ನೂ ಸ್ವಾರಸ್ಯಕರವಾದುದು. ಹಾರ್ಡ್ ಡಿಸ್ಕಿನಲ್ಲಿ ಒಂದು ಮೆಗಾಬೈಟಿಗೆ ತಗಲುವ ವೆಚ್ಚ ತೀರ ಕಡಿಮೆ. ಫ್ಲ್ಯಾಶ್ ಎಂಬ ಚಿಪ್ಪಿನಲ್ಲಿ ಅದೇ ಒಂದು ಮೆಗಾಬೈಟು ಬಲು ದುಬಾರಿ. ಹಾಗಾದರೆ ಹಾರ್ಡ್ ಡಿಸ್ಕೇ ಅಗ್ಗವಲ್ಲವೇ? ಅಲ್ಲ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆ, ಅದನ್ನು ತಿರುಗಿಸುವ ಮೋಟಾರು, ಓದುವ ಸೂಜಿತೋಳು ಇವೆಲ್ಲ ಇದ್ದೇ ತೀರಬೇಕು. ಎಷ್ಟೇ ಸಣ್ಣದನ್ನು ಕೊಂಡರೂ ಒಂದು ಮಟ್ಟಕ್ಕಿಂತ ಕೆಳಗೆ ಅದರ ಬೆಲೆ ಇಳಿಯುವುದಿಲ್ಲ. ಫ್ಲ್ಯಾಶನ್ನಾದರೋ ಬೇಕಾದಷ್ಟೇ ಕೊಳ್ಳಬಹುದು. ಹತ್ತು ಸೇರು ಅಕ್ಕಿ ಬೇಕಾದವನು ಅಗ್ಗವೆಂದು ಮೂಟೆ ಕೊಂಡರೆ ಕೈಯಿಂದ ಹೋಗುವ ಹಣ ಹೆಚ್ಚೇ. ಸಿಂಪ್ಯೂಟರಿನ ಸ್ಮರಣೆಯೂ ಹಾಗೆಯೇ ಮಿತವಾದುದು. ಮೊದಲ ಮಾದರಿಯಲ್ಲಿದ್ದುದು 32 ಮೆಗಾಬೈಟು. ಅಷ್ಟರಲ್ಲಿ ನಡೆಯುವಂತೆ, ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ತಂತ್ರಾಂಶವನ್ನು ಬಳಸಿಕೊಂಡರು. ಅದಕ್ಕೆ ಪ್ರತಿಯೊಂದು ಯಂತ್ರಕ್ಕೂ ಶುಲ್ಕ ತೆರಬೇಕಾಗಿಲ್ಲ. ಬೇಕಾದಂತೆ ತಿದ್ದಿಕೊಳ್ಳಲೂ ಅನುಮತಿಯುಂಟು.

ಇಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು ಮೇಜಿನ ಗಣಕವನ್ನು ಜೋಡಿಸಿಕೊಳ್ಳುವ ಯಲಹಂಕದ ಅಥವಾ ಹೆಬ್ಬಾಳದ ವಿದ್ಯಾರ್ಥಿಗೂ ಈ ಲೆಕ್ಕ ತಪ್ಪಿದ್ದಲ್ಲ. ಪ್ರೊಸೆಸರನ್ನು ಆರಿಸಿದೊಡನೆ ಅದಕ್ಕೆ ಹೊಂದುವ ಮದರ್‌ಬೋರ್ಡು ಯಾವುದೆಂಬುದು ನಿಶ್ಚಯವಾಗುತ್ತದೆ; ಮದರ್‌ಬೋರ್ಡು ನಿಶ್ಚಯವಾದರೆ ಸ್ಮರಣೆಯ ಜಾತಿಯೂ ನಿಶ್ಚಯವಾದಂತೆಯೇ. ಡಿಡಿಆರ್4 ಜಾತಿಯ ಪಟ್ಟಿ ಡಿಡಿಆರ್5ರ ಸಂದಿನಲ್ಲಿ ಕೂಡುವುದಿಲ್ಲ. ಶಕ್ತಿಶಾಲಿಯಾದ ಗ್ರಾಫಿಕ್ಸ್ ಕಾರ್ಡು ಬೇಕೆಂದವನು ಹೆಚ್ಚು ವ್ಯಾಟಿನ ವಿದ್ಯುತ್ ಪೆಟ್ಟಿಗೆಯನ್ನೂ ಕೊಳ್ಳಬೇಕು. ಕಣ್ಣಿಗೆ ಕಾಣದ ಭಾಗವೆಂದು ಈ ವಿದ್ಯುತ್ ಪೆಟ್ಟಿಗೆಯಲ್ಲಿ ಹಣ ಉಳಿಸಲು ಹೋಗುವುದುಂಟು; ಅದು ಕೆಟ್ಟಾಗ ಉಳಿದ ಭಾಗಗಳನ್ನೂ ಕೆಡಿಸಬಲ್ಲದು. ಪಾಠದ ಕೆಲಸ, ಪತ್ರವ್ಯವಹಾರ, ತುಸು ತಂತ್ರಾಂಶ ಬರೆಯುವ ಅಭ್ಯಾಸ ಇಷ್ಟೇ ಆದರೆ, ಚಿತ್ರದ ಕೆಲಸವನ್ನೂ ತಾನೇ ಮಾಡಬಲ್ಲ ಪ್ರೊಸೆಸರೊಂದನ್ನು ಕೊಂಡು, ಬೇರೆ ಕಾರ್ಡನ್ನು ಕೈಬಿಡಬಹುದು.

ಆದರೆ ಬಿಡುವುದೊಂದೇ ಜಾಣತನವಲ್ಲ. ಸಿಂಪ್ಯೂಟರನ್ನು ರೂಪಿಸಿದವರು ಫ್ಯಾನು, ಕೀಲಿಮಣೆ, ಬಣ್ಣ, ಹಾರ್ಡ್ ಡಿಸ್ಕು ಎಲ್ಲವನ್ನೂ ಬಿಟ್ಟರೂ, ಮೇಜಿನ ಗಣಕಗಳಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ಭಾಗವನ್ನು ಕೈಯಾರೆ ಸೇರಿಸಿದರು. ಅದು ಸ್ಮಾರ್ಟ್ ಕಾರ್ಡ್ ತೂರಿಸುವ ಸಂದು. ಒಂಬತ್ತು ಸಾವಿರವೂ ಬಡ ರೈತನಿಗೆ ಎಟುಕದ ಮೊತ್ತವೆಂಬುದನ್ನು ಅವರು ಬಲ್ಲವರಾಗಿದ್ದರು. ಯಂತ್ರ ಊರಿಗೊಂದು ಇರಲಿ. ಪ್ರತಿಯೊಬ್ಬನಲ್ಲಿಯೂ ತನ್ನ ವಿವರಗಳುಳ್ಳ ಕಾರ್ಡು ಇರಲಿ. ಕಾರ್ಡು ತೂರಿಸಿದಾಗ ಯಂತ್ರ ಅವನದಾಗಲಿ, ತೆಗೆದೊಡನೆ ಮುಂದಿನವನದಾಗಲಿ ಎಂಬುದು ಅವರ ಆಲೋಚನೆ. ನೂರು ಮಂದಿ ಹಂಚಿಕೊಂಡರೆ ಒಬ್ಬನ ಪಾಲಿಗೆ ಬರುವುದು 90 ರೂಪಾಯಿ. ಕಾರ್ಡಿನ ಸಂದಿಗಾಗಿ ಮಾಡಿದ ಖರ್ಚು ಹೀಗೆ ಯಂತ್ರದ ನಿಜವಾದ ಬೆಲೆಯನ್ನೇ ಇಳಿಸುವಂಥದು.

ಧ್ವನಿಯನ್ನೂ ಅವರು ಬಿಡಲಿಲ್ಲ. ಓದಲು ಬಾರದವನಿಗೆ ಯಂತ್ರವೇ ಓದಿ ಹೇಳಬೇಡವೇ? ಇದಕ್ಕಾಗಿ ರಮೇಶ್ ಹರಿಹರನ್ ಅವರು ‘ಧ್ವನಿ’ ಎಂಬ ತಂತ್ರಾಂಶವನ್ನು ರೂಪಿಸಿದರು. ಇಂಗ್ಲಿಷಿನಲ್ಲಿ ‘ಬಟ್’ ಮತ್ತು ‘ಪುಟ್’ ಎಂಬ ಮಾತುಗಳ ಬರಹದಲ್ಲಿ ಮೊದಲ ಅಕ್ಷರವೊಂದೇ ಬೇರೆ, ಉಚ್ಚಾರದಲ್ಲಿ ಸ್ವರವೇ ಬೇರೆ. ಕನ್ನಡದಲ್ಲಿ ಈ ತೊಡಕು ಬಲು ಕಡಿಮೆ; ಬರೆದಂತೆ ಓದು, ಓದಿದಂತೆ ಬರೆ. ಹೀಗಾಗಿ ಭಾಷೆಯ ಸಣ್ಣ ಸಣ್ಣ ಧ್ವನಿತುಣುಕುಗಳನ್ನು ಮುದ್ರಿಸಿಟ್ಟುಕೊಂಡು, ಅಕ್ಷರಗಳನ್ನು ನೋಡಿ ಆ ತುಣುಕುಗಳನ್ನು ಒಂದರ ಪಕ್ಕಕ್ಕೊಂದು ಹೆಣೆದರೆ ಮಾತು ಸಿದ್ಧವಾಗುತ್ತದೆ. ಪದಗಳ ದೊಡ್ಡ ಭಂಡಾರ ಬೇಕಿಲ್ಲವಾದ್ದರಿಂದ ಪುಟ್ಟ ಯಂತ್ರದ ಪುಟ್ಟ ಸ್ಮರಣೆಯಲ್ಲಿಯೇ ಅದು ಅಡಗುತ್ತದೆ. ಸ್ವರ ತುಸು ಯಾಂತ್ರಿಕವಾಗಿ ಕೇಳುವುದು ನಿಜ, ಅರ್ಥಕ್ಕೆ ಕೊರತೆಯಿಲ್ಲ. ಅಕ್ಷರಮಾಲೆಯನ್ನು ಕಟ್ಟಿದ ಪೂರ್ವಿಕರು ಗಣಕಕ್ಕೂ ಒಂದಿಷ್ಟು ಸ್ಮರಣೆಯನ್ನು ಉಳಿಸಿಕೊಟ್ಟರೆನ್ನಬಹುದು!

2001ರ ಏಪ್ರಿಲ್ 25ರಂದು ಸಿಂಪ್ಯೂಟರಿನ ಮಾದರಿಯನ್ನು ಬೆಂಗಳೂರಿನಲ್ಲಿ ಜನರ ಮುಂದಿಡಲಾಯಿತು. ಟ್ರಸ್ಟಿನವರು ಯಂತ್ರದ ರಚನೆಯನ್ನು ಗುಟ್ಟಾಗಿಡದೆ, ಲೈಸೆನ್ಸ್ ಪಡೆದ ಯಾರಾದರೂ ತಯಾರಿಸಬಹುದೆಂದು ಸಾರಿದರು. ದೇಶ ವಿದೇಶಗಳ ಪತ್ರಿಕೆಗಳು ಇದನ್ನು ಕೊಂಡಾಡಿದವು. ಆದರೆ ಮಾದರಿ ಬೇರೆ, ಮಾರುಕಟ್ಟೆ ಬೇರೆ. ಒಂಬತ್ತು ಸಾವಿರವೆಂಬುದು ಯಂತ್ರಗಳನ್ನು ಬಹುಸಂಖ್ಯೆಯಲ್ಲಿ ತಯಾರಿಸಿದರೆ ಮಾತ್ರ ಬರುವ ಬೆಲೆ. ಚಿಪ್ಪುಗಳನ್ನು ಸಾವಿರದಲ್ಲಿ ಕೊಳ್ಳುವವನಿಗೆ ಒಂದು ದರ, ಲಕ್ಷದಲ್ಲಿ ಕೊಳ್ಳುವವನಿಗೆ ಇನ್ನೊಂದು ದರ. ಲಕ್ಷ ಯಂತ್ರಗಳು ಮಾರಾಟವಾದರೆ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ತಾನೆ ಲಕ್ಷ ಯಂತ್ರಗಳು ಮಾರಾಟವಾಗುವುದು! ಈ ಗಂಟನ್ನು ಬಿಡಿಸುವುದು ವಿಜ್ಞಾನಿಗಳ ಕೈಯಲ್ಲಿರಲಿಲ್ಲ.

ಪ್ರಾಧ್ಯಾಪಕರು ಆರಂಭಿಸಿದ ಪಿಕೊಪೆಟಾ ಎಂಬ ಕಂಪನಿಗಾಗಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿದ ಸಿಂಪ್ಯೂಟರ್’ 2004ರ ಮಾರ್ಚ್ 26ರಂದು ಮಾರುಕಟ್ಟೆಗೆ ಬಂದಿತು. ಅದರಲ್ಲಿ ಮೂರು ಬಗೆ: ಕಪ್ಪು ಬಿಳುಪು ಪರದೆಯವು ಎರಡು, ಅವುಗಳ ಬೆಲೆ 9,950 ಮತ್ತು 12,450 ರೂಪಾಯಿ, ಬಣ್ಣದ ಪರದೆಯದಕ್ಕೆ 19,950. ಯಂತ್ರವನ್ನು ಕೈಯಲ್ಲಿ ಹಿಡಿದು ತುಸು ಓಲಿಸಿದರೆ ಪರದೆಯ ಪುಟ ಮಗುಚಿಕೊಳ್ಳುತ್ತಿತ್ತು. ಚಲನೆಯನ್ನು ಗುರುತಿಸುವ ಪುಟ್ಟ ಚಿಪ್ಪೊಂದು ಅದರೊಳಗಿತ್ತು. ಜೇಬಿನ ದೂರವಾಣಿಗಳಲ್ಲಿ ಈ ಸೌಕರ್ಯ ಮನೆಮಾತಾದದ್ದು ಕೆಲವು ವರ್ಷಗಳ ತರುವಾಯ. ಭೂದಾಖಲೆಗಳ ಕೆಲಸದಲ್ಲಿ, ಛತ್ತೀಸಗಢದ ಶಾಲೆಗಳಲ್ಲಿ, ಸಂಚಾರ ಪೊಲೀಸರ ಕೈಯಲ್ಲಿ ಸಿಂಪ್ಯೂಟರ್ ಅಲ್ಲಲ್ಲಿ ಬಳಕೆಯಾಯಿತು. ಆದರೆ 50,000 ಯಂತ್ರಗಳು ಖರ್ಚಾಗುವುವೆಂದು ನಿರೀಕ್ಷಿಸಿದ್ದರೆ, 2005ರ ವೇಳೆಗೆ ಮಾರಾಟವಾದುವು ಕೆಲವೇ ಸಾವಿರ. ಅಷ್ಟರಲ್ಲಿ ಮೇಜಿನ ಗಣಕಗಳ ಬೆಲೆಯೂ ಇಳಿದಿತ್ತು. 2003ರಿಂದ ಬರುವ ಕರೆಗಳಿಗೆ ಶುಲ್ಕವಿಲ್ಲವೆಂದಾದ ಮೇಲೆ ಜಂಗಮ ದೂರವಾಣಿ ಹಳ್ಳಿಹಳ್ಳಿಗೂ ನುಗ್ಗಿತು. ಕೈಯಲ್ಲಿ ನಾಲ್ಕು ಕಾಸು ಕೂಡಿದವನು ಮಾಹಿತಿಯ ಯಂತ್ರಕ್ಕಿಂತ ಮೊದಲು ದೂರದ ಮಗನ ದನಿ ಕೇಳಿಸುವ ಯಂತ್ರವನ್ನು ಕೊಂಡದ್ದು ಸಹಜವಾಗಿಯೇ ಇತ್ತು.

ಅಮೆರಿಕದಲ್ಲಿಯೂ ಇಂತಹುದೇ ಪ್ರಯತ್ನ ನಡೆಯಿತು. ಬಡ ದೇಶಗಳ ಮಕ್ಕಳಿಗಾಗಿ ನೂರು ಡಾಲರಿನ ಗಣಕವನ್ನು ತರುವೆವೆಂದು 2005ರಲ್ಲಿ ಘೋಷಿಸಿದವರು 2007ರಲ್ಲಿ ಅದನ್ನು ತಯಾರಿಸಿದಾಗ ಬೆಲೆ ಇನ್ನೂರು ಡಾಲರಿನ ಸಮೀಪಕ್ಕೆ ಬಂದಿತ್ತು. 2012ರಲ್ಲಿ ಇಂಗ್ಲೆಂಡಿನಿಂದ ಬಂದ ರಾಸ್ಪ್‌ಬೆರಿ ಪೈ ಎಂಬ ಬರಿಯ ಹಲಗೆಯ ಗಣಕ ಮಾತ್ರ 35 ಡಾಲರಿಗೆ ದೊರೆತು ಗೆದ್ದಿತು. ಪರದೆ, ಕೀಲಿಮಣೆ, ಪೆಟ್ಟಿಗೆ ಎಲ್ಲವನ್ನೂ ಕೊಳ್ಳುವವನ ಪಾಲಿಗೇ ಬಿಟ್ಟುದರಿಂದ ಅದು ಸಾಧ್ಯವಾಯಿತು. ಅದರ ಪ್ರೊಸೆಸರೂ ಸಿಂಪ್ಯೂಟರಿನ ಚಿಪ್ಪಿನ ವಂಶಕ್ಕೇ ಸೇರಿದುದು.

ಸಿಂಪ್ಯೂಟರ್ ಈಗ ಅಂಗಡಿಗಳಲ್ಲಿ ದೊರೆಯುವುದಿಲ್ಲ. ಅದಕ್ಕಾಗಿ ಬರೆದ ‘ಧ್ವನಿ’ಯನ್ನು ಮಾತ್ರ ಎಲ್ಲರೂ ತಿದ್ದಬಹುದಾದ ಸ್ವತಂತ್ರ ತಂತ್ರಾಂಶವಾಗಿ ಹೊರಬಿಡಲಾಯಿತು. ಇತರರು ಅದನ್ನು ಕೈಗೆತ್ತಿಕೊಂಡು ಮಲಯಾಳ, ತೆಲುಗು ಮೊದಲಾದ ಭಾಷೆಗಳನ್ನೂ ಅದಕ್ಕೆ ಕಲಿಸಿದರು.