ಒಂಟಿಕಾಲಲ್ಲಿ ನಿಂತ ಬಡ್ಜಿ

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಜೋಡಿ ಬಡ್ಜಿಗಳಿವೆ. ಅಂಗಡಿಯವರು ಲವ್ ಬರ್ಡ್ಸ್ ಅಂತ ಹೇಳಿ ಕೊಟ್ಟದ್ದು. ಸಂಜೆಯಾದರೆ ಗಂಡು ಪುಕ್ಕ ಕೆದರಿಕೊಂಡು ಒಂಟಿಕಾಲಲ್ಲಿ ನಿಂತು ಕೊಕ್ಕನ್ನು ಕರಕರ ಮಸೆಯುತ್ತದೆ. ಕನ್ನಡಿ ಮುಂದೆ ತಲೆ ಆಡಿಸಿ ತಿಂದದ್ದನ್ನು ಕಕ್ಕುವುದೂ ಉಂಟು. ಶೀತ ಆಗಿದೆ, ಒಂದು ತೊಟ್ಟು ಬ್ರಾಂಡಿ ಹಾಕಿ ಅನ್ನುತ್ತಾರೆ ನಮ್ಮತ್ತೆ. ಯಾವುದು ಸಹಜ, ಯಾವುದಕ್ಕೆ ಡಾಕ್ಟರ ಹತ್ತಿರ ಓಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬ್ರಾಂಡಿ ಬೇಡವೇ ಬೇಡ. 30–40 ಗ್ರಾಂ ತೂಗುವ ಜೀವಕ್ಕೆ ಒಂದು ತೊಟ್ಟೂ ಹೆಚ್ಚೇ. ಅತ್ತೆಯವರಿಗೆ ಧೈರ್ಯ ಹೇಳಿ, ನೀವು ಬರೆದದ್ದೆಲ್ಲ ನೆಮ್ಮದಿಯಾಗಿರುವ ಹಕ್ಕಿ ಮಾಡುವ ಕೆಲಸಗಳೇ. ನಿದ್ದೆ ಹತ್ತುವ ಮುನ್ನ ಬಡ್ಜಿ ಕೊಕ್ಕು ಮಸೆಯುತ್ತದೆ. ಒಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಸೇರಿಸಿ ಬೆಚ್ಚಗಿಡುತ್ತದೆ. ಕನ್ನಡಿ ಮುಂದೆ ನಡೆಯುವುದು ವಾಂತಿಯಲ್ಲ, ಗುಟುಕು. ಮೊಟ್ಟೆಗೆ ಕಾವು ಕೊಡುವ ಹೆಣ್ಣಿಗೆ ಗಂಡೇ ಹೀಗೆ ಗುಟುಕಿಟ್ಟು ಸಾಕುತ್ತದೆ. ನಿಮ್ಮದು ಕನ್ನಡಿಯೊಳಗಿನ ಹಕ್ಕಿಗೂ ಒಂದು ಪಾಲು ಎತ್ತಿಡುತ್ತಿದೆ, ಅಷ್ಟೆ. ಪಕ್ಕದಲ್ಲಿ ಹೆಣ್ಣಿದ್ದರೂ ಕನ್ನಡಿ ಬಿಟ್ಟು ಕದಲದಿದ್ದರೆ ಅದನ್ನು ತೆಗೆದುಬಿಡಿ. ಪಂಜರದಲ್ಲಿ ಕನ್ನಡಿ ಇಡುವುದೇ ನನಗೆ ಸರಿಬೀಳುವುದಿಲ್ಲ.

ಆದರೆ ಇವೇ ಹೊತ್ತು ತಪ್ಪಿ ಬಂದರೆ ಅರ್ಥ ಬೇರೆ. ಬೆಳಗ್ಗೆ ಹತ್ತು ಗಂಟೆಗೆ ಜೊತೆಯ ಹಕ್ಕಿ ಕಾಳು ಕುಕ್ಕುತ್ತಿರುವಾಗ ಇದೊಂದು ಎರಡೂ ಕಾಲೂರಿ, ಚೆಂಡಿನಂತೆ ಉಬ್ಬಿ, ಕಣ್ಣು ಅರೆಮುಚ್ಚಿ ಕೂತಿದ್ದರೆ ಅದು ಕಾಯಿಲೆ. ಗುಟುಕಿಗೆ ಒಂದು ಗುರಿ ಇರುತ್ತದೆ: ಸಂಗಾತಿ, ಕನ್ನಡಿ, ಪಂಜರದ ಗಂಟೆ. ಕಾಯಿಲೆಯ ವಾಂತಿಗೆ ಗುರಿಯಿಲ್ಲ. ಹಕ್ಕಿ ತಲೆ ಒದರಿ ಎಲ್ಲೆಂದರಲ್ಲಿ ಸಿಡಿಸುತ್ತದೆ, ನೆತ್ತಿಯ ಪುಕ್ಕವೆಲ್ಲ ಅಂಟಂಟಾಗಿ ಅದಕ್ಕೆ ಕಾಳು ಮೆತ್ತಿಕೊಂಡಿರುತ್ತದೆ.

ಬಡ್ಜಿ ಸಾಕುವವರಿಗಿರುವ ನಿಜವಾದ ಕಷ್ಟ ಎಂದರೆ ಅದು ಕಾಯಿಲೆಯನ್ನು ಬಚ್ಚಿಡುವುದು. ಆಸ್ಟ್ರೇಲಿಯದ ಒಣ ಬಯಲಿನಲ್ಲಿ ಹಿಂಡುಗಟ್ಟಿ ಬದುಕುವ ಹಕ್ಕಿ ಇದು. ಹಿಂಡಿನಲ್ಲಿ ಸೊರಗಿದಂತೆ ಕಂಡದ್ದೇ ಮೊದಲು ಡೇಗೆಯ ಬಾಯಿಗೆ. ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿಂದೀಚೆಗೆ ಎಷ್ಟು ತಲೆಮಾರು ಪಂಜರದಲ್ಲೇ ಹುಟ್ಟಿದರೂ ಆ ಗುಣ ಹೋಗಿಲ್ಲ. ನಮ್ಮ ಕಣ್ಣಿಗೆ ಮಂಕಾಗಿ ಕಾಣುವ ಹೊತ್ತಿಗೆ ರೋಗ ಹಳತಾಗಿರುತ್ತದೆ.

ಹಾಗಾಗಿ ಕಣ್ಣಿಗಿಂತ ತಕ್ಕಡಿಯನ್ನು ನಂಬಿ. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅದರ ಮೇಲೆ ಒಂದು ಡಬ್ಬಿ ಇಟ್ಟು, ವಾರಕ್ಕೊಮ್ಮೆ ಬೆಳಗ್ಗೆ ಕಾಳು ಹಾಕುವ ಮೊದಲು ತೂಗಿ ಬರೆದಿಡಿ. 35 ಗ್ರಾಂ ಇದ್ದದ್ದು 32ಕ್ಕೆ ಇಳಿದರೆ ಮೂರೇ ಗ್ರಾಂ ಅನ್ನಬೇಡಿ, ಅದು ಮೈತೂಕದ ಹನ್ನೆರಡರಲ್ಲೊಂದು ಪಾಲಿನಷ್ಟು. ಬಟ್ಟಲನ್ನಂತೂ ನಂಬಲೇಬೇಡಿ. ನವಣೆ ತುಂಬಿ ತುಳುಕುವಂತೆ ಕಾಣುತ್ತದೆ, ಒಮ್ಮೆ ಉಫ್ ಎಂದು ಊದಿದರೆ ಹೊಟ್ಟೆಲ್ಲ ಹಾರಿ ತಳದಲ್ಲಿ ನಾಲ್ಕು ಕಾಳು ಉಳಿದಿರುತ್ತವೆ. ಕಾಯಿಲೆಯ ಹಕ್ಕಿ ಕಾಳು ಸುಲಿಯುತ್ತಾ ತಿನ್ನುವ ನಾಟಕ ಆಡುವುದೂ ಉಂಟು. ಎದೆಯ ನಡುವೆ ಬೆರಳಾಡಿಸಿ ನೋಡಿ, ಮೂಳೆ ಚಾಕುವಿನ ಅಂಚಿನಷ್ಟು ಚೂಪಾಗಿ ಸಿಕ್ಕಿದರೆ ಮೈ ಇಳಿದಿದೆ ಎಂದೇ ತಿಳಿಯಿರಿ.

ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ. ಒಳ್ಳೆಯ ಹಿಕ್ಕೆಯಲ್ಲಿ ಹಸಿರು ಸುರುಳಿ, ಬಿಳಿಯ ಭಾಗ, ಸ್ವಲ್ಪ ನೀರು ಇರುತ್ತವೆ. ಸೌತೆಕಾಯಿ, ಕೊತ್ತಂಬರಿ ಸೊಪ್ಪು ತಿಂದ ದಿನ ನೀರು ಹೆಚ್ಚಾದರೆ ಗಾಬರಿ ಬೇಡ. ಹಿಕ್ಕೆಯಲ್ಲಿ ಅರಗದ ಇಡೀ ಕಾಳು ಕಂಡರೆ, ಅಥವಾ ಅದು ಡಾಂಬರಿನ ಕಪ್ಪಾದರೆ ತೋರಿಸಲೇಬೇಕು.

ಹಾರಿ ಬಂದು ಕೂತಾಗ ಬಾಲ ಮೇಲೆ ಕೆಳಗೆ ಆಡುವುದು ಸಹಜ. ಸುಮ್ಮನೆ ಕೂತಿದ್ದೂ ಪ್ರತಿ ಉಸಿರಿಗೆ ಬಾಲ ತೊನೆದರೆ ಅದೇ ದಿನ ಹೊರಡಿ. ಹೆಣ್ಣು ತಳದಲ್ಲಿ ಕೂತು ಮುಕ್ಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು, ಅದಕ್ಕೆ ನಾಳೆ ಎಂಬುದಿಲ್ಲ. ಕೊಕ್ಕಿನ ಮೇಲಿನ ಚರ್ಮ ಹೆಣ್ಣಿಗೆ ಕಂದಾಗುವುದು ಮೊಟ್ಟೆಯಿಡುವ ಕಾಲದ ಲಕ್ಷಣ. ನೀಲಿಯಿದ್ದ ಗಂಡಿನ ಚರ್ಮ ಕಂದಾದರೆ ವೃಷಣದ ಗೆಡ್ಡೆಯ ಅನುಮಾನ. ಕೊಕ್ಕಿನ ಬುಡದಲ್ಲಿ ತೂತುತೂತಾದ ಬೂದುಬಣ್ಣದ ಹಕ್ಕಳೆ ಕಟ್ಟಿದರೆ ನುಸಿ ಹತ್ತಿದೆ. ಡಾಕ್ಟರು ಕೊಡುವ ಔಷಧಿಗೆ ಬಗ್ಗುತ್ತದೆ, ಕೊಬ್ಬರಿ ಎಣ್ಣೆ ಸುರಿದು ಪುಕ್ಕ ಹಾಳುಮಾಡಬೇಡಿ.

ಪಂಜರ ಅಡುಗೆಮನೆಯ ಹತ್ತಿರವಿದ್ದರೆ ಇಂದೇ ಬದಲಿಸಿ. ಒಲೆಯ ಮೇಲೆ ಮರೆತು ಕಾದ ನಾನ್‌ಸ್ಟಿಕ್ ಕಾವಲಿಯ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಸೊಳ್ಳೆ ಬತ್ತಿ, ಅಗರಬತ್ತಿಯೂ ಅದಕ್ಕೆ ಆಗಿಬರುವುದಿಲ್ಲ.

ಹುಷಾರಿಲ್ಲವೆನಿಸಿದರೆ ಪಂಜರದ ಒಂದು ಬದಿಗೆ 40 ವ್ಯಾಟಿನ ಹಳೇ ಕಾಲದ ಬಲ್ಬು ಉರಿಸಿ (ಎಲ್‌ಇಡಿ ಅಷ್ಟು ಶಾಖ ಕೊಡದು), ಸೆಕೆಯಾದರೆ ಸರಿದು ಕೂರಲು ಇನ್ನೊಂದು ಬದಿ ಬಿಡಿ. ಬಾಯಿ ಬಿಡಿಸಿ ನೀರು ಹಾಕಬೇಡಿ, ಉಸಿರಿನ ಕೊಳವೆಗೆ ಹೋದೀತು. ಎಲ್ಲ ಪಶುವೈದ್ಯರೂ ಹಕ್ಕಿಗಳನ್ನು ನೋಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಹೋಗುವಾಗ ಪಂಜರ ತೊಳೆದು ಚೊಕ್ಕಮಾಡಿ ಒಯ್ಯಬೇಡಿ. ತಳದ ಆ ಕೊಳಕು ಕಾಗದವನ್ನೇ ಡಾಕ್ಟರು ಮೊದಲು ಕೇಳುವುದು.