ಸಹಾಯವನ್ನು ಒಯ್ಯುವವನ ದಾರಿ

ಪಾಠದ ಭಾಗಗಳು: ರೋಮಾಪುರದವರಿಗೆ ೧೫:೨೫-೩೧, ೨ ಕೊರಿಂಥದವರಿಗೆ ೮:೧೬-೨೧, ಅಪೊಸ್ತಲರ ಕೃತ್ಯಗಳು ೨೦:೧-೬, ೨೧:೨೭-೩೦, ೨೩:೧೨-೨೪.



ಕೋಲಾರದ ಚಿನ್ನದ ಗಣಿಗಳು ೨೦೦೧ನೆಯ ಇಸವಿಯಲ್ಲಿ ಮುಚ್ಚಲ್ಪಟ್ಟವು. ಆದರೂ ಅಲ್ಲಿ ದುಡಿದ ಹಿರಿಯರು ನಮ್ಮ ಸಭೆಗಳಲ್ಲಿ ಇನ್ನೂ ಇದ್ದಾರೆ. ಭೂಮಿಯ ಆಳದಲ್ಲಿ ಬಂಡೆ ಸಿಡಿದು ಜನರು ಸಿಕ್ಕಿಕೊಂಡಾಗ, ಅವರನ್ನು ತರುವದಕ್ಕೆ ಇಳಿಯುವವರಿಗೂ ಅದೇ ಅಪಾಯವಿತ್ತೆಂಬದನ್ನು ಅವರು ಬಲ್ಲರು. ಮೇಲೆ ನಿಂತು ಅಳುವದರಿಂದ ಒಳಗಿರುವವನು ಬದುಕನು. ತಲೆಯ ಮೇಲಣ ಬಂಡೆಯನ್ನು ಪರೀಕ್ಷಿಸದೆ, ಮರದ ಆಸರೆ ಕೊಡದೆ ನುಗ್ಗಿದರೆ ಹೋದವನೂ ಸಾಯುವನು. ಹಸಿದವರಿಗೂ ರೋಗಿಗಳಿಗೂ ಸಹಾಯಮಾಡುವದಕ್ಕೆ ವಿರೋಧವುಳ್ಳ ಸೀಮೆಗೆ ಹೋಗುವ ಕ್ರೈಸ್ತನ ಸಂಗತಿಯೂ ಹಾಗೆಯೇ. ಪ್ರೀತಿಯು ಇಳಿಯಲೇ ಬೇಕು. ಆದರೆ ಕಣ್ಣು ತೆರೆದು ಇಳಿಯಬೇಕು. ಇದೇ ಈ ತಿಂಗಳಿನ ಪಾಠ.

೧. ದಾನವನ್ನು ಹೊತ್ತ ಅಪೊಸ್ತಲನು

ಪೌಲನನ್ನು ನಾವು ಬೋಧಕನೆಂದು ಬಲ್ಲೆವು. ಆದರೆ ಅವನು ಯೆರೂಸಲೇಮಿಗೆ ಮಾಡಿದ ಕಡೇ ಪ್ರಯಾಣವು ಬಡವರಿಗೆ ಸಹಾಯವನ್ನು ಒಯ್ಯುವ ಪ್ರಯಾಣವಾಗಿತ್ತು. ಮಕೆದೋನ್ಯ, ಅಖಾಯ ಸೀಮೆಗಳ ಸಭೆಗಳು ಕೂಡಿಸಿದ ಹಣವು ಅವನ ವಶದಲ್ಲಿತ್ತು. ಹೊರಡುವ ಮೊದಲೇ ಅವನು ರೋಮಾಪುರದ ಸಭೆಗೆ ಬರೆದು ಎರಡು ಸಂಗತಿಗಳಿಗಾಗಿ ಪ್ರಾರ್ಥನೆಯನ್ನು ಬೇಡಿದನು. ಯೂದಾಯದಲ್ಲಿ ತನ್ನನ್ನು ವಿರೋಧಿಸುವವರ ಕೈಯಿಂದ ತಾನು ತಪ್ಪಿಸಿಕೊಳ್ಳಬೇಕೆಂಬದು ಒಂದು; ತಾನು ಒಯ್ಯುವ ಸಹಾಯವು ಅಲ್ಲಿಯವರಿಗೆ ಮೆಚ್ಚಿಕೆಯಾಗಬೇಕೆಂಬದು ಇನ್ನೊಂದು. ಅಪೊಸ್ತಲನು ತನ್ನ ಭಯವನ್ನು ಬಚ್ಚಿಡಲಿಲ್ಲವೆಂಬದನ್ನು ಗಮನಿಸಿರಿ. ಅಪಾಯವನ್ನು ಬಾಯಿಬಿಟ್ಟು ಹೇಳುವದು ಅವಿಶ್ವಾಸವಲ್ಲ.

೨. ಅವನು ವಹಿಸಿದ ಎಚ್ಚರಿಕೆ

ಮೊದಲನೆಯದು, ಅವನು ಒಬ್ಬಂಟಿಗನಾಗಿ ಹೋಗಲಿಲ್ಲ. ಬೇರೆ ಬೇರೆ ಸ್ಥಳಗಳ ಏಳು ಮಂದಿ ಸಂಗಡಿಗರ ಹೆಸರುಗಳು ಅಪೊಸ್ತಲರ ಕೃತ್ಯಗಳಲ್ಲಿ ಬರೆದಿವೆ. ಎರಡನೆಯದು, ಹಣದ ವಿಷಯದಲ್ಲಿ ಒಬ್ಬರೂ ತಪ್ಪು ಹೊರಿಸದ ಹಾಗೆ, ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡನು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಲೆಕ್ಕವು ಶುದ್ಧವಾಗಿರಬೇಕೆಂಬದು ಅವನ ಮನಸ್ಸು. ಮೂರನೆಯದು, ಹಡಗು ಹತ್ತುವ ಸಮಯದಲ್ಲಿ ಒಳಸಂಚು ತಿಳಿದಾಗ ದಾರಿಯನ್ನೇ ಬದಲಾಯಿಸಿ, ಮಕೆದೋನ್ಯದ ಮೇಲೆ ಬಳಸಿಕೊಂಡು ಹೋದನು. ಹೀಗೆ ದಾರಿ ಬಿಟ್ಟದ್ದು ಹೇಡಿತನವಲ್ಲ.

ಇಷ್ಟಾದರೂ ಅಪಾಯವು ಬಂತು. ಅದು ಬಂದದ್ದು ಸುಳ್ಳು ಸುದ್ದಿಯಿಂದ. ಅವನ ಸಂಗಡಿಗನಾದ ತ್ರೊಫಿಮನನ್ನು ಪಟ್ಟಣದಲ್ಲಿ ಕಂಡವರು, ಇವನನ್ನು ದೇವಾಲಯದೊಳಗೂ ಕರೆತಂದಿರಬೇಕೆಂದು ಊಹಿಸಿದರು. ಊಹೆಯು ಕೂಗಾಯಿತು, ಕೂಗು ದೊಂಬಿಯಾಯಿತು. ಆ ಮೇಲೆ ನಲವತ್ತಕ್ಕಿಂತ ಹೆಚ್ಚು ಮಂದಿ ಅವನನ್ನು ಕೊಲ್ಲುವದಕ್ಕೆ ಆಣೆಯಿಟ್ಟುಕೊಂಡರು. ಅವನನ್ನು ಉಳಿಸಿದ್ದು ಅದ್ಭುತಕಾರ್ಯವಲ್ಲ. ಸುದ್ದಿ ತಂದ ಸೋದರಳಿಯನೂ, ಅದನ್ನು ಕೇಳಿ ರಾತ್ರಿಯಲ್ಲೇ ಕಾವಲು ಕೊಟ್ಟು ಕಳುಹಿಸಿದ ಸರಕಾರದ ಅಧಿಕಾರಿಯೂ. ದೇವರು ಇಂಥವರ ಕೈಯಿಂದಲೂ ಕಾಪಾಡುತ್ತಾನೆ.

೩. ನಮ್ಮ ಕಾಲದ ಸಾಕ್ಷಿಗಳು

ಕುಷ್ಠರೋಗಿಗಳ ಸೇವೆಗಾಗಿ ಆಸ್ಟ್ರೇಲಿಯಾದಿಂದ ಒಡಿಶಾದ ಬಾರಿಪದಕ್ಕೆ ಬಂದು ಮೂವತ್ತು ವರುಷಕ್ಕಿಂತ ಹೆಚ್ಚು ಕಾಲ ದುಡಿದ ಗ್ರಹಾಂ ಸ್ಟೇನ್ಸ್ ಎಂಬವರನ್ನು, ೧೯೯೯ನೆಯ ಜನವರಿ ೨೨-೨೩ರ ರಾತ್ರಿ, ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದಾಗ, ಹತ್ತು ವರುಷದ ಫಿಲಿಪ್, ಆರು ವರುಷದ ತಿಮೊಥಿ ಎಂಬ ಇಬ್ಬರು ಮಕ್ಕಳ ಸಹಿತ ಸುಟ್ಟುಕೊಂದರು. ಅವರ ಪತ್ನಿ ಗ್ಲಾಡಿಸ್ ಅಮ್ಮನವರು ಕೊಂದವರನ್ನು ಕ್ಷಮಿಸಿದೆನೆಂದು ಬಹಿರಂಗವಾಗಿ ಹೇಳಿ, ರೋಗಿಗಳನ್ನು ಬಿಡದೆ ಮತ್ತೂ ಕೆಲವು ವರುಷ ಅಲ್ಲಿಯೇ ಇದ್ದರು. ೨೦೦೫ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀಯನ್ನು ಕೊಟ್ಟಿತು.

ಯೆಮೆನ್ ದೇಶದ ಏಡನ್ ಪಟ್ಟಣದಲ್ಲಿ, ೨೦೧೬ನೆಯ ಮಾರ್ಚಿ ೪ರಂದು, ವೃದ್ಧರನ್ನೂ ಅಂಗವಿಕಲರನ್ನೂ ಸಾಕುವ ಮನೆಗೆ ಆಯುಧಧಾರಿಗಳು ನುಗ್ಗಿ ಹದಿನಾರು ಮಂದಿಯನ್ನು ಕೊಂದರು. ಅವರಲ್ಲಿ ನಾಲ್ವರು ಮದರ್ ತೆರೆಸಾರವರ ಸಭೆಯ ಸಿಸ್ಟರುಗಳು. ಅಲ್ಲಿದ್ದ ಫಾದರ್ ಟಾಮ್ ಉಳುನ್ನಾಲಿಲ್ ಎಂಬವರನ್ನು ಹಿಡಿದೊಯ್ದರು. ಇವರು ಡಾನ್ ಬಾಸ್ಕೋ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದವರು. ಒಂದೂವರೆ ವರುಷ ಸೆರೆಯಲ್ಲಿದ್ದು ೨೦೧೭ನೆಯ ಸೆಪ್ಟೆಂಬರ್ ೧೨ರಂದು ಬಿಡುಗಡೆ ಹೊಂದಿದರು. ಅವರು ರೋಮನ್ ಸಭೆಯವರು, ನಾವು ಪ್ರೊಟೆಸ್ಟಂಟರು. ಆದರೆ ರೋಗಿಯ ಹಾಸಿಗೆಯ ಬಳಿಯಲ್ಲಿ ಬಂದ ಸಂಕಟವು ಎಲ್ಲರಿಗೂ ಒಂದೇ.

ಇವುಗಳನ್ನು ಕೇಳಿ ಯಾವ ಮತದವರ ಮೇಲೆಯೂ ಹಗೆಯನ್ನು ಬೆಳಸಬೇಡಿರಿ. ೨೦೨೪ನೆಯ ಒಂದೇ ವರುಷದಲ್ಲಿ ಲೋಕದಲ್ಲೆಲ್ಲಾ ೩೮೩ ಮಂದಿ ಪರಿಹಾರ ಕಾರ್ಯಕರ್ತರು ಕೊಲ್ಲಲ್ಪಟ್ಟರೆಂದು ಸಂಯುಕ್ತ ರಾಷ್ಟ್ರ ಸಂಸ್ಥೆಯು ತಿಳಿಸಿತು. ಇವರಲ್ಲಿ ಹೆಚ್ಚಿನವರು ಪರದೇಶದಿಂದ ಬಂದವರಲ್ಲ. ತಮ್ಮ ಊರಿನವರಿಗೇ ಸಹಾಯಮಾಡುತ್ತಿದ್ದವರು. ಇವರ ನೆನಪಿಗಾಗಿ ಆಗಸ್ಟ್ ೧೯ ಗೊತ್ತುಮಾಡಲ್ಪಟ್ಟಿದೆ; ೨೦೦೩ರಲ್ಲಿ ಅದೇ ದಿನ ಬಾಗ್ದಾದಿನಲ್ಲಿ ಆ ಸಂಸ್ಥೆಯ ಕಚೇರಿಯನ್ನು ಸಿಡಿಮದ್ದಿನಿಂದ ಕೆಡವಿದ್ದರು.

೪. ನಮ್ಮ ಸೀಮೆಯಲ್ಲಿ

ಇದು ದೂರದ ಮಾತೆಂದು ತಿಳಿಯಬೇಡಿರಿ. ೧೮೭೬ರಿಂದ ೧೮೭೮ರ ವರೆಗಿನ ದೊಡ್ಡ ಕ್ಷಾಮದ ಕಾಲದಲ್ಲಿ ಆನ್‌ಸ್ಟೀ ದೊರೆಸಾನಿಯವರು ಕೋಲಾರದಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ಸಾಕಿದರು; ೧೮೯೦ರಲ್ಲಿ ಆ ಕೆಲಸವು ಮೆಥೊಡಿಸ್ಟ್ ಮಿಶನ್ನಿಗೆ ಸೇರಿತು. ನಮ್ಮಲ್ಲಿ ಕೆಲವರ ಹಿರಿಯರು ಬದುಕಿದ್ದು ಅಂಥ ಗಂಜಿಯಿಂದಲೇ. ಗಂಜಿಗಾಗಿ ಮತ ಬಿಟ್ಟವರೆಂಬ ಹೀಯಾಳಿಕೆಯೂ ಅಂದಿನಿಂದ ನಮ್ಮ ಬೆನ್ನು ಹತ್ತಿದೆ. ಆದಕಾರಣ ನಾವು ಕೊಡುವಾಗ ಇತರರಿಗಿಂತ ಹೆಚ್ಚು ಎಚ್ಚರಿಕೆಯಿಂದಿರಬೇಕು.

ನನ್ನ ತಪ್ಪನ್ನೇ ಹೇಳುತ್ತೇನೆ. ೨೦೨೦ರಲ್ಲಿ ಲಾಕ್‌ಡೌನ್ ಇದ್ದಾಗ ಬಂಗಾರಪೇಟೆಗೆ ಸಮೀಪವಾದ ಒಂದು ಹಳ್ಳಿಗೆ ನಾನು ಅಕ್ಕಿಯನ್ನೂ ರಾಗಿಹಿಟ್ಟನ್ನೂ ಒಯ್ದೆನು. ಯಾರನ್ನೂ ಕೇಳದೆ ಪ್ರತಿ ಚೀಲದೊಳಗೆ ಒಂದು ಸುವಾರ್ತಾ ಪತ್ರಿಕೆಯನ್ನು ಹಾಕಿದ್ದೆನು. ಒಬ್ಬ ಮುದುಕಿಯು ಚೀಲವನ್ನು ಬಿಚ್ಚಿ ನೋಡಿ, “ಅಯ್ಯನವರೇ, ಈ ಅಕ್ಕಿಗೆ ಏನು ಬೆಲೆ ಕೇಳ್ತೀರಿ?” ಅಂದಳು. “ಏನೂ ಇಲ್ಲಮ್ಮ” ಅಂದೆನು. “ಹಾಗಾದ್ರೆ ಈ ಕಾಗದ ಯಾಕೆ ಒಳಗೆ ಅಡಗಿ ಕೂತಿದೆ?” ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿರುಗುವಾಗ ಕೆಲವು ಯೌವನಸ್ಥರು ನನ್ನ ಸಂಗಡ ಬಂದಿದ್ದ ಇಬ್ಬರು ಹುಡುಗರನ್ನು ತಡೆದು ನೂಕಾಡಿದರು. ಆ ಮುದುಕಿಯೇ ಬಂದು, “ಬಿಡ್ರಪ್ಪ, ಹಸಿವಿಗೆ ತಂದವರು” ಎಂದು ಅವರನ್ನು ಬಿಡಿಸಿದಳು. ನನ್ನ ಅವಿವೇಕದ ಪೆಟ್ಟು ಆ ಹುಡುಗರ ಮೇಲೆ ಬೀಳುವದರಲ್ಲಿತ್ತು.

ಸುವಾರ್ತೆಯ ವಿಷಯದಲ್ಲಿ ನಾವು ನಾಚಿಕೆಪಡುವವರಲ್ಲ. ಕೇಳಿದವರಿಗೆ ಬಾಗಲು ತೆರೆದು ಹೇಳೋಣ. ಆದರೆ ಹಸಿದವನ ಅನ್ನದೊಳಗೆ ಅದನ್ನು ಬಚ್ಚಿಡುವದು ಅನ್ನಕ್ಕೂ ಸುವಾರ್ತೆಗೂ ಅವಮಾನ. ಬೆಲೆಯಿಲ್ಲದೆ ಕೊಡಲ್ಪಟ್ಟದ್ದು ಬೆಲೆಯಿಲ್ಲದ್ದೆಂದು ಕಾಣಬೇಕು. ಒಬ್ಬ ಕಾರ್ಯಕರ್ತನು ಮಾಡಿದ ಗುಟ್ಟಿನ ಕೆಲಸದಿಂದ ಹತ್ತು ಮಂದಿಯ ಪ್ರಾಣಕ್ಕೆ ಸಂಶಯವು ಮುತ್ತುತ್ತದೆ.

೫. ಕಳುಹಿಸುವ ಸಭೆಯ ಪಾಲು

ನಮ್ಮ ಮಕ್ಕಳು ದಾದಿಯರಾಗಿಯೂ ಬೇರೆ ಕೆಲಸದವರಾಗಿಯೂ ದೂರದ ಸೀಮೆಗಳಿಗೆ ಹೋಗುತ್ತಾರೆ. ಅವರನ್ನು ಹೊಗಳಿ ಕಳುಹಿಸಿ ಮರೆತುಬಿಡುವದು ಸಭೆಗೆ ತಕ್ಕದ್ದಲ್ಲ. ಅವರ ಹೆಸರು ಹೇಳಿ ಪ್ರಾರ್ಥಿಸಿರಿ. ಒಬ್ಬಂಟಿಗರಾಗಿ ಕಳುಹಿಸಬೇಡಿರಿ. ಅಧಿಕಾರಿಗಳ ಅಪ್ಪಣೆಯನ್ನೂ ಊರಿನ ಹಿರಿಯರ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. ಅವರು ಇರುವ ಸ್ಥಳವನ್ನೂ ಭಾವಚಿತ್ರವನ್ನೂ ಮೊಬೈಲಿನಲ್ಲಿ ಹರಡಬೇಡಿರಿ. ಅಪಾಯ ಕಂಡು ಹಿಂದಿರುಗಿದವನನ್ನು ಹಂಗಿಸಬೇಡಿರಿ. ಬುಟ್ಟಿಯಲ್ಲಿ ಗೋಡೆಯಿಂದ ಇಳಿದು ತಪ್ಪಿಸಿಕೊಂಡ ಪೌಲನೇ ಮುಂದೆ ಲೋಕವನ್ನು ಸುತ್ತಿದನು. ಹಿಂದಿರುಗದವನ ಮನೆಯವರನ್ನು ನಿಮ್ಮ ಮನೆಯವರೆಂದೇ ನೋಡಿಕೊಳ್ಳಿರಿ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

೧. ಪೌಲನು ಯಾವ ಎರಡು ಸಂಗತಿಗಳಿಗಾಗಿ ಪ್ರಾರ್ಥನೆಯನ್ನು ಬೇಡಿದನು?
೨. ಯೆರೂಸಲೇಮಿನಲ್ಲಿ ದೊಂಬಿಗೆ ಕಾರಣವಾದ ಸುಳ್ಳು ಊಹೆ ಯಾವದು?
೩. ನಮ್ಮ ಸಭೆಯು ಕೊಡುವ ಸಹಾಯದಲ್ಲಿ ಅಡಗಿರುವ ಬೆಲೆ ಏನಾದರೂ ಉಂಟೋ?
೪. ದೂರದಲ್ಲಿ ಸೇವೆ ಮಾಡುವ ನಮ್ಮವರ ಮನೆಗೆ ಈ ತಿಂಗಳಲ್ಲಿ ಯಾರು ಹೋಗಿಬಂದರು?

ಪ್ರಾರ್ಥನೆ: ಕರ್ತನೇ, ಇಳಿಯುವವರಿಗೆ ಧೈರ್ಯವನ್ನೂ ವಿವೇಕವನ್ನೂ, ಮೇಲೆ ಹಗ್ಗ ಹಿಡಿದಿರುವ ನಮಗೆ ಬಿಡದ ಕೈಯನ್ನೂ ದಯಪಾಲಿಸು. ಆಮೆನ್.