ಕೋಣೆಯಲ್ಲಿ ಉಳಿಯುವ ಧ್ವನಿ

ಹೊಸದಾಗಿ ಸುಣ್ಣ ಬಳಿದ ಬರಿಯ ಕೋಣೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡೋಣ. ಕೈಗಳು ಸುಮ್ಮನಾದ ಮೇಲೂ ಶಬ್ದವು ಕೊಂಚ ಹೊತ್ತು ಗುಂಯ್‌ಗುಡುತ್ತಲೇ ಇರುತ್ತದೆ. ಅಲ್ಲಿ ಯಾರಾದರೂ ಗಟ್ಟಿಯಾಗಿ ಪಾಠ ಓದಿದರೆ, ಒಂದು ಅಕ್ಷರದ ಧ್ವನಿ ಅಡಗುವ ಮೊದಲೇ ಮುಂದಿನ ಅಕ್ಷರ ಅದರ ಮೇಲೆ ಬೀಳುತ್ತದೆ. ಕಿವಿ ಮಂದವಾದ ಹಿರಿಯರಿಗಂತೂ ಮಾತು ಕೇಳಿಸಿದರೂ ತಿಳಿಯುವುದಿಲ್ಲ. ಗೋಡೆಗಳಿಂದ ಮತ್ತೆ ಮತ್ತೆ ಪ್ರತಿಫಲಿಸಿ ಹೀಗೆ ಉಳಿಯುವ ಧ್ವನಿಗೆ ಅನುರಣನವೆಂದು ಹೆಸರು.

ಇದನ್ನು ಕ್ರಮವಾಗಿ ಅಳೆದವನು ಅಮೆರಿಕದ ಭೌತವಿಜ್ಞಾನಿ ವ್ಯಾಲೆಸ್ ಸ್ಯಾಬಿನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಮಂದಿರವನ್ನು ಸರಿಪಡಿಸುವ ಹೊಣೆ ಈ ತರುಣ ಅಧ್ಯಾಪಕನ ಪಾಲಿಗೆ ಬಂದಿತು. ಅಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡುಗಳವರೆಗೆ ಅಡಗುತ್ತಿರಲಿಲ್ಲ. ಊರು ಮಲಗಿದ ಮೇಲೆ ಆತನು ಸಮೀಪದ ರಂಗಮಂದಿರದ ಆಸನದ ಮೆತ್ತೆಗಳನ್ನು ತಂದು ಹರಡಿ, ಆರ್ಗನ್ ಕೊಳವೆಯನ್ನು ನುಡಿಸಿ ನಿಲ್ಲಿಸಿ, ಧ್ವನಿ ಕಿವಿಯಿಂದ ಮರೆಯಾಗುವ ಕಾಲವನ್ನು ಅಳೆದನು. ಮೆತ್ತೆಗಳು ಹೆಚ್ಚಿದಂತೆ ಕಾಲವು ಕುಗ್ಗಿತು.

ಆತನ ಸೂತ್ರ ಸರಳವಾದುದು. ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ ಒಟ್ಟು ಶೋಷಣೆಯಿಂದ ಭಾಗಿಸಿದರೆ, ಧ್ವನಿಶಕ್ತಿಯು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುವ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. ತೆರೆದ ಕಿಟಕಿ ಯಾವ ಧ್ವನಿಯನ್ನೂ ಹಿಂದಿರುಗಿಸದು. ಆದ್ದರಿಂದ ಅದರ ಶೋಷಣಾಂಕ 1. ಗಾರೆಯ ಗೋಡೆಯದು ಸುಮಾರು 0.03.

4 ಮೀಟರು ಉದ್ದ, 3 ಮೀಟರು ಅಗಲ, 3 ಮೀಟರು ಎತ್ತರದ ಕೋಣೆಯೊಂದನ್ನು ತೆಗೆದುಕೊಳ್ಳೋಣ. ಘನಗಾತ್ರ 36 ಘನ ಮೀಟರು. ಮೇಲ್ಮೈ 66 ಚದರ ಮೀಟರು. ಎಲ್ಲವೂ ಗಾರೆಯೆಂದು ಭಾವಿಸಿದರೆ ಶೋಷಣೆ ಸುಮಾರು 2, ಅನುರಣನ ಕಾಲ 2.9 ಸೆಕೆಂಡು. ಅದರಲ್ಲಿ 8 ಚದರ ಮೀಟರಿಗೆ 0.8 ಶೋಷಣಾಂಕದ ಫಲಕಗಳನ್ನು ಹೊದಿಸಿದರೆ ಶೋಷಣೆ 8.1ಕ್ಕೆ ಏರಿ, ಕಾಲವು 0.7 ಸೆಕೆಂಡಿಗೆ ಇಳಿಯುತ್ತದೆ. ಎಂಟನೆಯ ಒಂದು ಪಾಲು ಮೇಲ್ಮೈ ಇಷ್ಟು ವ್ಯತ್ಯಾಸ ಮಾಡಬಲ್ಲದು!

ಫಲಕದೊಳಗಿನ ಗಾಜಿನ ಉಣ್ಣೆಯ ಎಳೆಗಳ ನಡುವೆ ಕಂಪಿಸುವ ಗಾಳಿಯು ಉಜ್ಜಿ, ಧ್ವನಿಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಗೋಡೆಗೆ ತಾಗಿದಲ್ಲಿ ಗಾಳಿಯ ಚಲನೆ ಇಲ್ಲವೆನ್ನುವಷ್ಟು ಕಡಮೆ. ಅಲೆಯುದ್ದದ ಕಾಲುಭಾಗದಷ್ಟು ಈಚೆಗೆ ಅತ್ಯಧಿಕ. ಸೆಕೆಂಡಿಗೆ 1000 ಕಂಪನಗಳ ಧ್ವನಿಗೆ ಈ ದೂರ ಸುಮಾರು 8.5 ಸೆಂಟಿಮೀಟರು, 100 ಕಂಪನಗಳ ಧ್ವನಿಗೆ 85 ಸೆಂಟಿಮೀಟರು. ತೆಳುವಾದ ಫಲಕಕ್ಕೆ ಮೃದಂಗದ ಎಡಭಾಗದ ತಗ್ಗಿನ ನಾದವು ಏಕೆ ಸಿಕ್ಕುವುದಿಲ್ಲವೆಂಬುದು ಇದರಿಂದ ವಿಶದವಾಗುತ್ತದೆ. ಐದು ಸೆಂಟಿಮೀಟರು ದಪ್ಪದ ಫಲಕವನ್ನು ಗೋಡೆಯಿಂದ ಅಷ್ಟೇ ದೂರದಲ್ಲಿ ನಿಲ್ಲಿಸಿದರೆ ಫಲ ಹೆಚ್ಚು.

ಫಲಕದ ಸ್ಥಾನವನ್ನು ಕನ್ನಡಿಯಿಂದ ಗುರುತಿಸಬಹುದು. ನಾವು ಕುಳಿತಲ್ಲಿಯೇ ಇರಲು, ಗೆಳೆಯನೊಬ್ಬನು ಪಕ್ಕದ ಗೋಡೆಯುದ್ದಕ್ಕೂ ಕನ್ನಡಿಯನ್ನು ಸರಿಸಲಿ. ಧ್ವನಿವರ್ಧಕದ ಬಿಂಬ ಎಲ್ಲಿ ಕಾಣುವುದೋ ಅಲ್ಲಿ ಮೊದಲ ಫಲಕ.

ಒಂದು ಭ್ರಮೆಯನ್ನು ಮಾತ್ರ ತೊರೆಯಬೇಕು. ಈ ಫಲಕಗಳು ಒಳಗಿನ ಅನುರಣನವನ್ನು ತಗ್ಗಿಸುತ್ತವೆಯೇ ಹೊರತು ನೆರೆಮನೆಯ ಸದ್ದನ್ನು ತಡೆಯಲಾರವು. ಅದಕ್ಕೆ ಭಾರವಾದ ಗೋಡೆ, ಬಿರುಕಿಲ್ಲದ ಬಾಗಿಲು ಬೇಕು. ಬೆಂಕಿಗೆ ಬೇಗ ಉರಿಯುವ ಅಗ್ಗದ ಸ್ಪಂಜನ್ನು ಗೋಡೆಗೆ ಅಂಟಿಸುವುದೂ ಅಪಾಯಕರ.

ಹಣವಿಲ್ಲದಿದ್ದರೆ ದಪ್ಪನೆಯ ಪರದೆ, ಜಮಖಾನ, ಹಾಸಿಗೆ ಇವುಗಳಿಂದಲೇ ಪ್ರಾರಂಭಿಸಬಹುದು. ಬಳಿಕ ಮತ್ತೊಮ್ಮೆ ಚಪ್ಪಾಳೆ ತಟ್ಟೋಣ. ಉತ್ತರವನ್ನು ಕೋಣೆಯೇ ಹೇಳುತ್ತದೆ.